ದೊಡ್ಡ ಅಳಿಯನ ಬೀಳ್ಕೊಡುಗೆ

ನಮ್ಮ ಮನೆಯಲ್ಲಿ ಇಬ್ಬರು ಅಳಿಯಂದಿರು. ಮಾವನಿಗೆ ಇರುವುದು ಒಬ್ಬಳೇ ಮಗಳು, ಆದರೂ ಅಳಿಯಂದಿರು ಇಬ್ಬರು. ಗಾಬರಿಯಾಗಬೇಡಿ. ಚಿಕ್ಕ ಅಳಿಯ ನಾನು. ದೊಡ್ಡ ಅಳಿಯ ಎಂದರೆ ಮುಂಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ಇಂಟರ್ನೆಟ್ ಕಂಪನಿಯ ಬಾಡಿಗೆ ಡಬ್ಬ.

ಆ ಹೆಸರಿಟ್ಟವರು ಅತ್ತೆ. ನಾನು ಈ ಮನೆಗೆ ಬಂದು ಸೇರುವುದಕ್ಕೆ ಎರಡು ತಿಂಗಳು ಮೊದಲೇ ಅದು ಬಂದಿತ್ತಂತೆ, ಹಾಗಾಗಿ ಹಿರಿತನ ಅದಕ್ಕೇ ಸಲ್ಲಬೇಕಂತೆ. “ಬೇರೆಯವರ ಮನೇದು, ಬೈಯೋ ಹಾಗಿಲ್ಲ. ಕೂತ ಜಾಗ ಬಿಟ್ಟು ಅಲ್ಲಾಡಲ್ಲ. ಕೂತಲ್ಲೇ ಬಿಸಿ ಆಗುತ್ತೆ. ಅಳಿಯ ಅನ್ನದೆ ಇನ್ನೇನು ಅನ್ಲಿ?” ಎಂದು ನನ್ನ ಅಮ್ಮನೊಬ್ಬಳನ್ನು ಬಿಟ್ಟು ಬಂದವರನ್ನೆಲ್ಲ ಕೇಳುತ್ತಿದ್ದರು. ಹಾಗೆ ಕೇಳುವಾಗ ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ. ಅದು ಅವರ ದೊಡ್ಡತನ.

ನಾನು ಬೀಗ ರಿಪೇರಿಯವನು. ನನ್ನ ಅಂಗಡಿ ಈ ಮನೆಯಿಂದ ಎರಡು ಬೀದಿ ಆಚೆ. ಮನೆಯಲ್ಲಿ ಹಿಂದುಗಡೆ ಎರಡು ಕೋಣೆ ಖಾಲಿ ಬಿದ್ದಿದ್ದವು. ಇಲ್ಲೇ ಇದ್ದುಬಿಡಿ ಎಂದು ಅತ್ತೆ ಹೇಳಿದರು, ಇದ್ದುಬಿಟ್ಟೆವು. ಬೀಗದ ಕೆಲಸದವನಿಗೆ ವಾಸವೂ ಬೀಗರ ಮನೆಯಲ್ಲೇ ಎಂದು ನನ್ನ ಅಮ್ಮ ನೆಂಟರ ಮುಂದೆಲ್ಲ ಹೇಳಿ ನಗುತ್ತಾಳೆ. ನಗು ಬಾಯಲ್ಲಿ ಮಾತ್ರ. ಮಗ ಮನೆ ಅಳಿಯನಾದ ಎನ್ನುವುದು ಅವಳಿಗೆ ಒಳಗೊಳಗೇ ಚುಚ್ಚುತ್ತದೆ ಎಂದು ನನಗೆ ಗೊತ್ತು. ನಿಜ ಹೇಳಬೇಕೆಂದರೆ ನನಗೂ ಒಮ್ಮೊಮ್ಮೆ ಚುಚ್ಚುತ್ತದೆ. ಆರು ವರ್ಷದಲ್ಲಿ ಈ ಮನೆಗೆ ಒಂದು ಕಾಲೊರಸನ್ನಾದರೂ ನಾನು ಆರಿಸಿ ತಂದವನಲ್ಲ.

ಇರಲಿ, ಕಥೆ ನನ್ನದಲ್ಲ, ನನ್ನ ಹೆಂಡತಿಯ ಕೈಗಳದ್ದು.

ಅವಳು ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದ ರೋಗಿಗಳು ಆಸ್ಪತ್ರೆಗೆ ಹೋದಾಗ ಡಾಕ್ಟರ ಮೇಜಿನ ಮೇಲೆ ಒಂದು ಪರದೆ ಇಡುತ್ತಾರೆ, ಆ ಪರದೆಯಲ್ಲಿ ಇವಳು ಬರುತ್ತಾಳೆ. ಡಾಕ್ಟರ ಮಾತನ್ನು ಸನ್ನೆ ಮಾಡಿ ರೋಗಿಗೆ ಹೇಳುತ್ತಾಳೆ, ರೋಗಿಯ ಸನ್ನೆಯನ್ನು ಮಾತಾಡಿ ಡಾಕ್ಟರಿಗೆ ಹೇಳುತ್ತಾಳೆ. ಎಲ್ಲ ನಮ್ಮ ಮನೆಯ ಕಟ್ಟಕಡೆಯ ಕೋಣೆಯಿಂದ. ಹಿಂದೆ ನೀಲಿ ಬಟ್ಟೆಯ ಪರದೆ, ಮುಂದೆ ಲ್ಯಾಪ್‌ಟಾಪು, ಮೈಮೇಲೆ ಕೈ ಚೆನ್ನಾಗಿ ಕಾಣಲೆಂದು ಕಪ್ಪು ಕುಪ್ಪಸ. ಮೂರು ತಿಂಗಳ ಪರೀಕ್ಷೆಯ ಅವಧಿ, ಅದೂ ಮುಗಿಯುತ್ತಾ ಬಂದಿತ್ತು. ಆಮೇಲೆ ಕೆಲಸ ಖಾಯಂ. ಅವಳು ಎಷ್ಟೋ ವರ್ಷದಿಂದ ಕಾದಿದ್ದ ಕೆಲಸ ಅದು.

ಆ ಶುಕ್ರವಾರ ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ತೊಡೆಯ ಮೇಲೆ ಹಾಕಿಕೊಂಡು, ಗೋಡೆ ನೋಡಿದಳು. ನಾನು ಊಟಕ್ಕೆಂದು ಅಂಗಡಿಯಿಂದ ಬಂದಿದ್ದೆ.

“ಏನಾಯ್ತೇ?” ಎಂದೆ.

“ಮತ್ತೆ ನಿಂತುಹೋಯ್ತು ರೀ. ಒಬ್ಬರು ಅಜ್ಜಿ. ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಕಾ ಅಂತ ಕೇಳಿದ್ರು. ನಿಲ್ಲಿಸಬೇಡಿ ಅಂದ್ರು ಡಾಕ್ಟ್ರು. ನಾನು ಹಾಗೇ ಹೇಳಿದೆ. ನಮ್ಮ ಸನ್ನೇಲೂ ಮಾತಿನ ಹಾಗೇ ಅಲ್ವಾ, ‘ಬೇಡ’ ಅನ್ನೋದು ಕೊನೇಲಿ ಬರುತ್ತೆ. ನಿಲ್ಲಿಸು ಅಂತ ಕೈ ಹೋಯ್ತು, ಅಷ್ಟಕ್ಕೆ ಚಿತ್ರ ನಿಂತುಬಿಡ್ತು. ಬೇಡ ಅನ್ನೋದು ಹೋಗ್ಲೇ ಇಲ್ಲ.”

“ಅಯ್ಯೋ. ಆಮೇಲೆ?”

“ಅಜ್ಜಿ ಖುಷಿಯಾಗಿ ಎದ್ದು ಹೊರಟೇಬಿಟ್ರಂತೆ. ಇಷ್ಟು ಖುಷಿ ಯಾಕೆ ಅಂತ ಡಾಕ್ಟ್ರಿಗೇ ಅನುಮಾನ ಬಂದು, ಕೂರಿಸಿ, ಬರೆದು ತೋರಿಸಿದ್ರಂತೆ.” ಅವಳು ಕಣ್ಣೊರೆಸಿಕೊಂಡಳು. “ಇದು ಎರಡನೇ ಸಲ. ಮೇಲಿನವರು ಫೋನ್ ಮಾಡಿದ್ರು. ಸೋಮವಾರ ಹತ್ತು ಗಂಟೆಗೆ ಅದೇ ಅಜ್ಜಿ ಮತ್ತೆ ಬರ್ತಾರೆ. ಅವತ್ತೂ ನಿಂತ್ರೆ ಮಾರನೇ ದಿನದಿಂದ ಬರೋದು ಬೇಡ ಅಂದ್ರು. ಈ ‘ಬೇಡ’ ಮಾತ್ರ ಪೂರ್ತಿ ಕೇಳಿಸ್ತು ನೋಡಿ.”

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎದ್ದು ಹೋಗಿ ದೊಡ್ಡ ಅಳಿಯನ ಬೆನ್ನ ಮೇಲೆ ಕೈಯಿಟ್ಟೆ. ಕಾದ ಕಾವಲಿ. ನಾಲ್ಕು ದೀಪದಲ್ಲಿ ಎರಡು ಕಣ್ಣು ಮಿಟುಕಿಸುತ್ತಿದ್ದವು. ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಬಂದು, ನಿಮ್ಮ ದೂರು ಬರೆದುಕೊಂಡಿದ್ದೇವೆ, ಬದಲಿ ಡಬ್ಬ ಮೂರು ವಾರದಲ್ಲಿ ಬರುತ್ತದೆ ಎಂದಳು. ಸೋಮವಾರಕ್ಕೆ ಬೇಕು ಎಂದೆ. ಆಗಲ್ಲ ಸಾರ್ ಎಂದಳು. ನಾನು ಏನೇನೋ ಅಂದೆ. ಕೊನೆಗೆ ಪಾಪ, ಅವಳೇ ದನಿ ತಗ್ಗಿಸಿ, “ಸಾರ್, ನೀವು ಬಾಡಿಗೆ ಡಬ್ಬಾನೇ ಇಟ್ಕೋಬೇಕು ಅಂತ ಏನಿಲ್ಲ. ನಮ್ಮ ಪಟ್ಟಿಯಲ್ಲಿರೋದನ್ನ ನೀವೇ ಕೊಂಡು ಹಾಕ್ಕೋಬಹುದು” ಎಂದಳು. ಆರು ವರ್ಷದಿಂದ ಯಾರೂ ನಮಗೆ ಹೇಳದ ಮಾತು.

ನಾನು ಹಿಗ್ಗಿನಿಂದ ಹಾಲ್‌ಗೆ ಬಂದು ಸುದ್ದಿ ಹೇಳಿದೆ. ಮಾವ ಪತ್ರಿಕೆ ಮಡಚಿದರು.

ಮಾವನ ಬಗ್ಗೆ ಒಂದು ಮಾತು. ಅವರು ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವರು. ಮೀಟರು ಇಲಾಖೆಯ ಸೊತ್ತು, ಅದರ ಸೀಲು ಮುಟ್ಟಿದವನು ಕಳ್ಳ, ಇದು ಅವರ ರಕ್ತದಲ್ಲಿದೆ. ನಮ್ಮ ಡಬ್ಬದ ತಳದಲ್ಲಿ ‘ಈ ಉಪಕರಣವು ಕಂಪನಿಯ ಸೊತ್ತು’ ಎಂಬ ಚೀಟಿ ಅಂಟಿಸಿತ್ತು. ಅದನ್ನು ಓದಿದ ದಿನದಿಂದ ಅವರು ಡಬ್ಬದ ಮೇಲೆ ಒಂದು ಪತ್ರಿಕೆ ಇಡುವುದಕ್ಕೂ ಬಿಟ್ಟವರಲ್ಲ.

“ಕಂಪನಿ ಇಟ್ಟಿದ್ದನ್ನ ನಾವು ತೆಗೆಯೋ ಹಾಗಿಲ್ಲ” ಎಂದರು.

“ತೆಗೀಬಹುದಂತೆ ಮಾವ. ಅವರೇ ಹೇಳಿದ್ರು.”

“ಯಾರು ಹೇಳಿದ್ರು? ಫೋನಲ್ಲಿ ಯಾರೋ ಹೇಳಿದ್ರೆ ಆಯ್ತಾ? ನಾನೂ ಎಷ್ಟು ಜನರನ್ನ ನೋಡಿದೀನಿ, ‘ಅವರು ಹೇಳಿದ್ರು, ಇವರು ಹೇಳಿದ್ರು’ ಅಂತ ಸೀಲು ಕಿತ್ತವರನ್ನ.”

“ಅವಳ ಕೆಲಸ ಹೋಗುತ್ತೆ ಮಾವ!” ದನಿ ಏರಿತು. ಏರಿದ್ದು ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. “ಅದೂ ಬಾಡಿಗೇದು, ನಾನೂ ಬಾಡಿಗೆಯವನೇ ಅನ್ಕೊಳ್ಳಿ. ಅದಕ್ಕೆ ಇರೋ ಮರ್ಯಾದೇಲಿ ಅರ್ಧ ನನಗೂ ಕೊಟ್ಟಿದ್ರೆ ಈ ಮನೇಲಿ ನನ್ನ ಮಾತೂ ಒಂದಿನ ನಡೀತಿತ್ತು.”

ಅತ್ತೆ ಕೈಯಲ್ಲಿದ್ದ ಬಟ್ಟೆಯಿಂದ ಈಗಾಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸಿದರು. ಆಡಿದ ಮಾತಿಗೆ ನನಗೇ ನಾಚಿಕೆಯಾಗಿ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದೆ. ಸಂಜೆಯ ತನಕ ಕೀಲಿ ಉಜ್ಜಿದೆ. ಅದರಲ್ಲಿ ಎರಡು ಹಾಳಾದವು.

ಶನಿವಾರ ಬೆಳಗ್ಗೆ ಎದ್ದು ಬರುವಷ್ಟರಲ್ಲಿ ಮಾವ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡಿದ್ದರು. ಕಂಪನಿಯ ಜೊತೆ ಆರು ವರ್ಷದ ಹಿಂದೆ ಮಾಡಿಕೊಂಡ ಕರಾರು, ಹದಿನಾಲ್ಕು ಪುಟ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಪೆನ್ಸಿಲು.

“ಹನ್ನೊಂದನೇ ಪುಟ” ಎಂದರು, ತಲೆ ಎತ್ತದೆ. “‘ಅನುಮೋದಿತ ಪಟ್ಟಿಯಲ್ಲಿರುವ ಸ್ವಂತ ಉಪಕರಣವನ್ನು ಗ್ರಾಹಕರು ಬಳಸಬಹುದು.’ ಬರೆದಿದಾರೆ. ಬರೆದಿದ್ರೆ ಸರಿ. ನೀನು ಹೇಳಿದ್ದು ಸರಿ ಇತ್ತು.”

ಆರು ವರ್ಷದಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಇನ್ನೊಂದು ಸಲ ಹೇಳಿ ಎನ್ನುವ ಆಸೆಯಾಯಿತು, ಧೈರ್ಯ ಬರಲಿಲ್ಲ. ಅವರು ಆಗಲೇ ಪಟ್ಟಿಯನ್ನು ಮಗಳ ಕೈಯಲ್ಲಿ ಪ್ರಿಂಟ್ ಹಾಕಿಸಿ, ಅಳತೆ ಟೇಪಿನಿಂದ ಮನೆಯನ್ನೆಲ್ಲ ಅಳೆದು ಇಟ್ಟಿದ್ದರು; ಎದ್ದು ಚಪ್ಪಲಿ ಹಾಕಿಕೊಂಡರು.

ಪೇಟೆಯ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯಾಕೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಸ್ಕ್ರೂ ಬಿಗಿಯುತ್ತಿದ್ದರು. ನನ್ನ ಕಣ್ಣು ನೇರವಾಗಿ ಎಂಟು ಕೊಂಬಿನ ಒಂದು ರೂಟರ್ ಮೇಲೆ ಬಿತ್ತು, ಅಂಗಾತ ಬಿದ್ದ ಜೇಡದ ಹಾಗಿತ್ತು. ಇದು ಕೊಡಿ ಎಂದೆ.

“ಮೋಡೆಮ್ ಇದೆಯಾ ಮನೇಲಿ?” ಎಂದರು ಆಕೆ.

“ಇದೇ ಅಲ್ವಾ ಮೋಡೆಮ್?”

“ಅಲ್ಲ. ಇದು ರೂಟರ್. ಮೋಡೆಮ್ ಹೊರಗಿನ ತಂತಿಯಿಂದ ಇಂಟರ್ನೆಟ್ಟನ್ನ ಮನೆ ಒಳಗೆ ತರೋದು. ರೂಟರ್ ಅದನ್ನ ಕೋಣೆ ಕೋಣೆಗೆ ಹಂಚೋದು. ನಿಮ್ಮ ಬಾಡಿಗೆ ಡಬ್ಬ ಎರಡನ್ನೂ ಒಂದೇ ಹೊಟ್ಟೇಲಿ ಇಟ್ಕೊಂಡಿದೆ, ಅದಕ್ಕೇ ಬಾಗಿಲ ಹತ್ರಾನೇ ಕೂತಿದೆ. ಬೇರೆ ಬೇರೆ ತಗೊಂಡ್ರೆ ಮೋಡೆಮ್ ಬಾಗಿಲ ಹತ್ರ ಇರ್ಲಿ, ರೂಟರನ್ನ ಮನೆ ನಡುಮಧ್ಯಕ್ಕೆ ತಗೊಂಡು ಹೋಗಿ.”

ಮಾವ ಮನೆಯ ಅಳತೆಯ ಚೀಟಿ ಮುಂದಿಟ್ಟರು. ಆಕೆ ಅದನ್ನು ನೋಡಿ, ಇಷ್ಟು ಮನೆಗೆ ಎಂಟು ಕೊಂಬು ಬೇಡ, ಎರಡು ಕೊಂಬಿನದು ಧಾರಾಳ ಎಂದು ಜೇಡವನ್ನು ಮತ್ತೆ ಮೇಲಿಟ್ಟುಬಿಟ್ಟರು. ನನ್ನ ಮುಖ ಸಣ್ಣದಾಯಿತು. ಆಮೇಲೆ ಒಂದು ಮೋಡೆಮ್ ತಂದು ಮೇಜಿನ ಮೇಲಿಟ್ಟರು. ಮಾವ ಭೂತಗನ್ನಡಿ ತೆಗೆದು, ಪೆಟ್ಟಿಗೆಯ ಮೇಲಿನ ಮಾಡೆಲ್ ನಂಬರನ್ನೂ ಪಟ್ಟಿಯಲ್ಲಿರುವುದನ್ನೂ ಒಂದೊಂದೇ ಅಕ್ಷರವಾಗಿ ತಾಳೆ ನೋಡಿದರು.

“ಇದು ಅಲ್ಲ” ಎಂದರು.

“ಅದೇ ಸಾರ್.”

“ಪಟ್ಟೀಲಿ ಕೊನೆ ಅಕ್ಷರ ಬಿ. ಇದರ ಮೇಲಿರೋದು ಡಿ.”

“ಅಯ್ಯೋ, ಎರಡೂ ಒಂದೇ ಸಾರ್, ಏನೂ ವ್ಯತ್ಯಾಸ ಇಲ್ಲ.”

“ಒಂದೇ ಆಗಿದ್ರೆ ಎರಡು ಅಕ್ಷರ ಯಾಕಮ್ಮ ಹಾಕ್ತಿದ್ರು?”

ನಾನು ಮಾವನ ತೋಳು ಜಗ್ಗಿದೆ. ಸುಮ್ಮನಿರಿ, ಆಕೆಗೆ ಗೊತ್ತಿರುತ್ತೆ ಎಂದು ಪಿಸುಗುಟ್ಟಿದೆ. ಅವರು ಕದಲಲಿಲ್ಲ. ಅಂಗಡಿಯಾಕೆ ಯಾರಿಗೋ ಫೋನ್ ಮಾಡಿ ಮಾತಾಡುತ್ತಾ ಮಾತಾಡುತ್ತಾ ಕನ್ನಡಕವನ್ನು ಮೂಗಿಗೆ ಇಳಿಸಿದರು. ಡಿ ಎಂದರೆ ಬೇರೆ ಕಂಪನಿಯ ತಂತಿಗೆ ಮಾಡಿದ್ದಂತೆ. ಅದನ್ನು ಮನೆಗೆ ಒಯ್ದಿದ್ದರೆ ಸೋಮವಾರ ದೀಪ ಉರಿಯುತ್ತಿತ್ತು, ಇಂಟರ್ನೆಟ್ ಬರುತ್ತಿರಲಿಲ್ಲ. ಕೊನೆಯ ಒಂದು ಸನ್ನೆ ಹೋಗದೆ ಅಜ್ಜಿಯ ಪ್ರಾಣಕ್ಕೆ ಬರುತ್ತಿತ್ತು, ಕೊನೆಯ ಒಂದು ಅಕ್ಷರ ನೋಡದೆ ನಾನು ಹೆಂಡತಿಯ ಕೆಲಸಕ್ಕೆ ಸಂಚಕಾರ ತರುತ್ತಿದ್ದೆ. ಆಕೆ ಹಿಂದಿನ ಕಪಾಟಿನಿಂದ ಬಿ ಹುಡುಕಿ ತಂದರು. “ಸಾರ್, ನೀವು ಏನು ಕೆಲಸದಲ್ಲಿದ್ರಿ?” ಎಂದು ಕೇಳಿದರು. “ಓದೋ ಕೆಲಸ” ಎಂದರು ಮಾವ.

ಭಾನುವಾರ ಇಡೀ ಮನೆ ಅದೇ ಕೆಲಸದಲ್ಲಿ. ಮೋಡೆಮ್ಮಿನಿಂದ ಮನೆಯೊಳಗೆ ಕೋಣೆಗಳ ನಡುವೆ ಇರುವ ಓಣಿಯ ಬೀರುವಿನ ತನಕ ಉದ್ದನೆಯ ತಂತಿ ಎಳೆಯಬೇಕಿತ್ತು. ನೆಲದ ಮೇಲೆ ಹಾಗೇ ಬಿಟ್ಟರಾಯಿತು ಎಂದೆ. ಮಾವ ಕೇಳಲಿಲ್ಲ, ಗೇಣಿಗೊಂದು ಕ್ಲಿಪ್ ಹೊಡೆಸಿದರು. ಮೊಣಕಾಲೂರಿ ಕ್ಲಿಪ್ ಹೊಡೆದು ಹೊಡೆದು ನನ್ನ ಸೊಂಟ ಬಿದ್ದುಹೋಯಿತು, ಮನಸ್ಸಿನಲ್ಲೇ ಅವರ ಇಲಾಖೆಯನ್ನೆಲ್ಲ ಬೈದೆ. ಅತ್ತೆ ಮಾತ್ರ ವಿಷಯವನ್ನು ನಮ್ಮೆಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿದ್ದರು. “ಒಬ್ಬ ಹೊರಗಿಂದ ತರೋನು, ಒಬ್ಬ ಒಳಗೆ ಬಡಿಸೋನು. ಈ ದೊಡ್ಡ ಅಳಿಯ ಎರಡೂ ನಾನೇ ಮಾಡ್ತೀನಿ ಅಂತ ಯಾವುದನ್ನೂ ನೆಟ್ಟಗೆ ಮಾಡ್ತಿರಲಿಲ್ಲ” ಎಂದು ತೀರ್ಪು ಕೊಟ್ಟರು.

ಅದೇ ಸಂಭ್ರಮದಲ್ಲಿ ಅವರು ನನ್ನ ಅಮ್ಮನಿಗೆ ವೈಫೈ ಮೇಲೆ ಫೋನ್ ಹಚ್ಚಿ ಕೂತರು. ನಾನು ಸ್ಟೂಲಿನ ಹಿಂದೆ ಬಗ್ಗಿದ್ದೆ. ಅವರ ಮಾತು ಅರ್ಧಂಬರ್ಧ ಕಿವಿಗೆ ಬೀಳುತ್ತಿತ್ತು.

“ಹೂಂ ಬೀಗಿತ್ತಿ, ಅಳಿಯನ್ನ ನಾಳೆ ವಾಪಸ್ ಕಳಿಸ್ತಾ ಇದೀವಿ. ಆರು ವರ್ಷ ಸಹಿಸಿಕೊಂಡಿದ್ದೇ ಹೆಚ್ಚು. ಹಿಂದಿನ ಕೋಣೇಲಂತೂ ಏನೂ ಪ್ರಯೋಜನಕ್ಕೆ ಬರ್ತಿರಲಿಲ್ಲ. ನನ್ನ ಮಗಳು ಪಾಪ ಮೊನ್ನೆ ಅತ್ತೇಬಿಟ್ಟಳು. ಅದಕ್ಕೇ ಇವರೇ ಹೋಗಿ ನೋಡಿ ಆರಿಸಿ ಬೇರೆ ತಂದಿದಾರೆ. ಆ ಹಳೇ ಡ—”

ಅಷ್ಟಕ್ಕೆ ನಾನು ದೊಡ್ಡ ಅಳಿಯನ ತಂತಿ ಕಿತ್ತೆ.

“ಅಯ್ಯೋ, ಕಟ್ಟಾಯ್ತು” ಎಂದು ಅತ್ತೆ ಫೋನ್ ಕೆಳಗಿಟ್ಟು ಅಡುಗೆಗೆ ಹೋದರು. ನಾನು ನನ್ನ ಫೋನಿನಿಂದ ಕಂಪನಿಗೆ ಕರೆ ಮಾಡಿ, ಮತ್ತೆ ಅದೇ ಸಂಗೀತ ಕೇಳುತ್ತಾ ಕೂತೆ. ಹೊಸ ಮೋಡೆಮ್ಮಿನ ಬೆನ್ನ ಮೇಲಿನ ನಂಬರು ಅವರಿಗೆ ಹೇಳಿದರೆ ಮಾತ್ರ ಅವರು ಅದನ್ನು ಒಳಗೆ ಬಿಟ್ಟುಕೊಳ್ಳುವುದು. ಕೊನೆಗೆ ಯಾರೋ ಬಂದರು. ಫೋನನ್ನು ಮಾವನ ಕೈಗೆ ಕೊಟ್ಟೆ. ಅವರು ಎದ್ದು ನಿಂತು, ಕನ್ನಡಕ ಸರಿ ಮಾಡಿಕೊಂಡು, ಮೂವತ್ತೊಂದು ವರ್ಷ ಓದಿದ ಅದೇ ದನಿಯಲ್ಲಿ ಓದಿದರು. ನಾಲ್ಕು ಅಂಕಿಗೊಮ್ಮೆ ನಿಲ್ಲಿಸಿ, ‘ಬರೆದುಕೊಂಡ್ರಾ’ ಎಂದು ಕೇಳಿ, ಮುಂದಕ್ಕೆ. ಎರಡು ನಿಮಿಷದಲ್ಲಿ ಹಸಿರು ದೀಪ ಹತ್ತಿತು. ನಾನು ಹುಡುಗರಂತೆ ಕೂಗಿಬಿಟ್ಟೆ. ಹೆಂಡತಿ ಹಿಂದಿನ ಕೋಣೆಯಿಂದ ಬಾಗಿಲಿಗೆ ಬಂದು ಎರಡೂ ಕೈ ಎತ್ತಿ ಗಾಳಿಯಲ್ಲಿ ಅಲ್ಲಾಡಿಸಿದಳು; ಸನ್ನೆಯಲ್ಲಿ ಅದು ಚಪ್ಪಾಳೆ.

ಅಷ್ಟು ಹೊತ್ತಿಗೆ ನನ್ನ ಫೋನಿನಲ್ಲಿ ಅಮ್ಮನ ಐದು ಕರೆ ಬಂದು ಹೋಗಿದ್ದವು. ತಿರುಗಿ ಮಾಡಿದೆ, ಎತ್ತಲಿಲ್ಲ. ನಾಳೆ ಮಾತಾಡಿದರಾಯಿತು ಎಂದುಕೊಂಡೆ.

ಸೋಮವಾರ ಹತ್ತು ಗಂಟೆ. ಹೆಂಡತಿ ಕಪ್ಪು ಕುಪ್ಪಸ ಹಾಕಿ ನೀಲಿ ಪರದೆಯ ಮುಂದೆ ಕೂತಳು. ನಾನು ಅಂಗಡಿ ತೆರೆದಿರಲಿಲ್ಲ. ನಾನು, ಮಾವ, ಅತ್ತೆ ಮೂವರೂ ಓಣಿಯಲ್ಲಿ ಬೀರುವಿನ ಮುಂದೆ ನಿಂತು ರೂಟರಿನ ದೀಪವನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆವು. ಅಜ್ಜಿ ಪರದೆಗೆ ಬಂದರು. ಹೆಂಡತಿಯ ಕೈಗಳು ಓಡತೊಡಗಿದವು.

ಹತ್ತೂಕಾಲಿಗೆ ಮುಂಬಾಗಿಲು ಧಡಾರನೆ ತೆರೆಯಿತು. ನನ್ನ ಅಮ್ಮ. ಮೊದಲನೇ ಬಸ್ಸಿಗೆ ಬಂದಿದ್ದಾಳೆ, ಮುಖ ಕೆಂಪಗಾಗಿದೆ, ಹೆಗಲಲ್ಲಿ ಆಳೆತ್ತರದ ಒಂದು ಖಾಲಿ ಚೀಲ.

“ಎಲ್ಲಿ ನನ್ನ ಮಗ? ನಡಿಯೋ, ಬಟ್ಟೆ ತುಂಬ್ಕೋ! ಬೇಡವಾದ್ರೆ ನಾವೇನು ಗತಿಗೆಟ್ಟವರಾ? ನೋಡಿ ಆರಿಸಿ ಬೇರೆ ತಂದಿದಾರಂತೆ!”

ಎಂದವಳೇ ಓಣಿಗೆ ನುಗ್ಗಿದಳು. ಚೀಲದ ಪಟ್ಟಿ ಗೋಡೆಯ ತಂತಿಗೆ ಸಿಕ್ಕಿಕೊಂಡಿತು. ಅವಳು ಜಗ್ಗಿದಳು. ತಂತಿ ಬಿಲ್ಲಿನ ಹಾಗೆ ಬಿಗಿಯಿತು, ಬೀರುವಿನ ಮೇಲೆ ರೂಟರು ಅರ್ಧ ಇಂಚು ಜಾರಿತು. ಒಂದು ಕ್ಲಿಪ್ ಹಾರಿತು. ಎರಡನೆಯದು ಹಾರಲಿಲ್ಲ. ಗೇಣಿಗೊಂದರಂತೆ ಮುಂದೆ ಇನ್ನೂ ಹದಿನೆಂಟು ಇದ್ದವು. ಮಾವ ಬಗ್ಗಿ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದರು. ದೀಪ ಹಸಿರಾಗಿಯೇ ಉರಿಯಿತು.

“ಶ್!” ಎಂದೆವು ಮೂವರೂ.

“ಯಾಕೆ ಶ್?” ಎಂದಳು ಅಮ್ಮ, ಆದರೆ ದನಿ ತಾನಾಗಿ ತಗ್ಗಿತ್ತು. ಪಿಸುದನಿಯಲ್ಲೇ ಜಗಳ ಮುಂದುವರಿಸಿದಳು. “ನನ್ನ ಮಗನಿಗೆ ಏನು ಕಮ್ಮಿ? ಹಿಂದಿನ ಕೋಣೇಲಿ ಪ್ರಯೋಜನ ಇಲ್ಲ ಅಂದ್ರಲ್ಲ, ಹಾಗಂತ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರಾ?”

ನನ್ನ ಕಿವಿ ಕಾದಿತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತರು. ಅಳುತ್ತಿದ್ದಾರೆ ಎಂದುಕೊಂಡಿದ್ದೆ, ನಗುತ್ತಿದ್ದರು. ಮಾತೇ ಹೊರಡದೆ, ಬಾಗಿಲ ಬಳಿ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದ ಡಬ್ಬದ ಕಡೆ ಕೈ ತೋರಿಸಿದರು. “ಅಳಿಯ” ಎಂದರು ಕಷ್ಟಪಟ್ಟು. “ಅದು. ಅಳಿಯ.”

ಅಮ್ಮ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪೆಟ್ಟಿಗೆ ನೋಡಿದಳು. ಎಲ್ಲ ಬಿಡಿಸಿ ಹೇಳುವ ಹೊತ್ತಿಗೆ ಅವಳೂ ಅತ್ತೆಯ ಪಕ್ಕ ನೆಲಕ್ಕೆ ಕೂತು ಮೈಯೆಲ್ಲ ಕುಲುಕಿಸುತ್ತಿದ್ದಳು, ಸದ್ದಿಲ್ಲದೆ.

ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ಕಂಡಿತು. ಅಜ್ಜಿ ಮತ್ತೆ ಏನೋ ಕೇಳಿದರು. ಹೆಂಡತಿ ಒಂದು ಕೈಯನ್ನು ಇನ್ನೊಂದರ ಮೇಲೆ ಇಳಿಸಿದಳು: ನಿಲ್ಲಿಸು. ನಾವು ನಾಲ್ವರೂ ಉಸಿರು ಹಿಡಿದೆವು. ಆಮೇಲೆ ಅಂಗೈ ಎತ್ತಿ ಅಡ್ಡಡ್ಡ ಆಡಿಸಿದಳು: ಬೇಡ. ಪರದೆಯಲ್ಲಿ ಅಜ್ಜಿ ಸ್ವಲ್ಪ ಮುಖ ಊದಿಸಿಕೊಂಡರು, ಮಾತ್ರೆ ಬಿಡುವ ಆಸೆ ಅವರಿಗೆ ಇನ್ನೂ ಇತ್ತೇನೋ. ಆಮೇಲೆ ತಾವೂ ಅಂಗೈ ಎತ್ತಿ ಅಡ್ಡಡ್ಡ ಆಡಿಸಿದರು. ಬೇಡ. ಕೊನೆಯ ತನಕ ಹೋಗಿತ್ತು, ಕೊನೆಯ ತನಕ ಬಂದಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದೇನಿದೆ.

ಮಧ್ಯಾಹ್ನ ನಾನು, ಮಾವ, ಅಮ್ಮ ಕಂಪನಿಯ ಕಚೇರಿಗೆ ಹೋದೆವು. ದೊಡ್ಡ ಅಳಿಯ ಅಮ್ಮನ ಚೀಲದಲ್ಲಿ ಹಾಯಾಗಿ ಕೂತು ಬಂದ. ವಾಪಸ್ ಕೊಟ್ಟ ರಸೀದಿಯನ್ನು ಮಾವ ಎರಡು ಸಲ ಓದಿದರು. ಸಾಲಿನಲ್ಲಿ ನಿಂತಿದ್ದಾಗಲೇ ಹೆಂಡತಿ ಒಂದು ಪುಟ್ಟ ವಿಡಿಯೋ ಕಳಿಸಿದ್ದಳು. ಮಾತಿಲ್ಲ, ಕೈ ಮಾತ್ರ. ನನಗೆ ಅಷ್ಟು ಸನ್ನೆ ಬರುತ್ತದೆ: ಕೆಲಸ ಖಾಯಂ, ಮನೆಗೆ ಬೇಗ ಬಾ. ಅಮ್ಮನಿಗೆ ತೋರಿಸಿದೆ. ಅವಳು ಪಕ್ಕದಲ್ಲಿ ನಿಂತಿದ್ದ ಅಪರಿಚಿತರಿಗೂ ತೋರಿಸಿದಳು.

ಕೌಂಟರಿನಾಕೆ ಇನ್ನೊಂದು ಫಾರಂ ಮುಂದಿಟ್ಟರು. “ಸ್ವಂತ ಉಪಕರಣ ಅಂದ್ರೆ ಅದರ ಜವಾಬ್ದಾರಿಗೆ ಮನೆಯ ಇನ್ನೊಬ್ಬರ ಹೆಸರೂ ಬೇಕು ಸಾರ್. ಅವರು ನಿಮಗೆ ಏನಾಗಬೇಕು ಅನ್ನೋದನ್ನೂ ಬರೀರಿ.”

ಮಾವ ಪೆನ್ನು ತೆಗೆದು ನನ್ನ ಹೆಸರು ಬರೆದರು. ಅದರ ಪಕ್ಕದ ಖಾನೆಯಲ್ಲಿ ಎರಡೇ ಅಕ್ಷರ ಬರೆದು, ಸಹಿ ಹಾಕು ಎಂದು ನನ್ನ ಕಡೆ ತಳ್ಳಿದರು. ಓದಿದೆ. ‘ಮಗ.’

“ಮಾವ, ಇಲ್ಲೊಂದು ತಪ್ಪಾಗಿದೆ” ಎಂದೆ.

ಅವರು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. “ಮೂವತ್ತೊಂದು ವರ್ಷದಲ್ಲಿ ನಾನು ಒಂದು ರೀಡಿಂಗ್ ತಪ್ಪು ಬರೆದೋನಲ್ಲ. ಸುಮ್ನೆ ಸಹಿ ಹಾಕು. ಹಿಂದೆ ಜನ ಕಾಯ್ತಿದಾರೆ.”

ಹಾಕಿದೆ. ಕೊನೆಯ ಅಕ್ಷರ ಸೊಟ್ಟಗಾಯಿತು, ಆದರೂ ಪೂರ್ತಿ ಬಂತು.